ನೆಲಕ್ಕೂ ಸವಕಳಿ: ಸಿಯಾಚಿನ್‌ನಿಂದ ಆರ್ಕ್ಟಿಕ್‌ವರೆಗೆ, ಹಿಮದ ಮೇಲೆ ನಿಂತ ಸೈನ್ಯದ ಕಥೆ

ಸವದತ್ತಿ ತಾಲ್ಲೂಕಿನ ಸಿರಸಂಗಿಯಿಂದ ಮಾತಾಡ್ತಾ ಇದ್ದೇನೆ. ಕಾಳಮ್ಮನ ಗುಡಿ, ಲಿಂಗರಾಜರ ವಾಡೆ ಇರುವ ಅದೇ ಸಿರಸಂಗಿ.

ಈ ಎಪಿಸೋಡ್ ಹಿಮದ ಬಗ್ಗೆ. ಎರಿ ಹೊಲದ ಊರಲ್ಲಿ ಕೂತು ಹಿಮದ ಮಾತೇನು ಅಂತ ನಗಬೇಡ್ರಿ. ಈ ಲೆಕ್ಕದ ಪುಸ್ತಕದಲ್ಲಿ ನಮ್ಮ ಭಾಗದ ಊರಿನ ಹೆಸರೂ ಇದೆ. ಬೆಟದೂರ, ತಾಲ್ಲೂಕು ಕುಂದಗೋಳ, ಜಿಲ್ಲೆ ಧಾರವಾಡ. ನಮ್ಮೂರಿಂದ ಹುಬ್ಬಳ್ಳಿ ಬಸ್ ಹಿಡಿದು, ಅಲ್ಲಿಂದ ಇನ್ನೊಂದು ಬಸ್ ಹತ್ತಿದರೆ ಮುಟ್ಟುವ ಊರು. ಅಲ್ಲಿಗೆ ಆಮೇಲೆ ಬರೋಣ.

ಬಿ.ಕಾಂ ಓದಿದವರಿಗೆ ಮೊದಲ ವರ್ಷವೇ ಒಂದು ಪಾಠ ಇರುತ್ತೆ, ಡಿಪ್ರಿಸಿಯೇಷನ್. ಕನ್ನಡದಲ್ಲಿ ಸವಕಳಿ. ಲಾರಿ ಸವೆಯುತ್ತೆ, ಯಂತ್ರ ಸವೆಯುತ್ತೆ, ಕಟ್ಟಡ ಹಳೇದಾಗುತ್ತೆ. ಅದಕ್ಕೆ ವರ್ಷಾವರ್ಷ ಅವುಗಳ ಬೆಲೆಯನ್ನು ಇಷ್ಟಿಷ್ಟು ಅಂತ ಇಳಿಸುತ್ತಾ ಹೋಗಬೇಕು. ಗಣಿಯಂಥದ್ದನ್ನು ಬಿಟ್ಟರೆ, ಸವಕಳಿ ಹಾಕದ ಆಸ್ತಿ ಒಂದೇ: ಭೂಮಿ. ಯಾಕಂದ್ರ ಭೂಮಿ ಸವೆಯೋದಿಲ್ಲ, ಅದಕ್ಕೆ ಆಯುಷ್ಯ ಮುಗಿಯೋದಿಲ್ಲ ಅನ್ನೋದು ಲೆಕ್ಕಶಾಸ್ತ್ರದ ನಂಬಿಕೆ.

ಗಡಿ ಕಾಯುವ ದೇಶಗಳದ್ದೂ ಇದೇ ನಂಬಿಕೆ. ಸೈನಿಕ ಬದಲಾಗುತ್ತಾನೆ, ಬಂದೂಕು ಬದಲಾಗುತ್ತೆ, ನೆಲ ಮಾತ್ರ ಅಲ್ಲೇ ಇರುತ್ತೆ. ಆದ್ರ ಆ ನೆಲವೇ ಹಿಮ ಆಗಿದ್ದರೆ? ಭೂಮಿ ಬಿಸಿಯಾಗ್ತಾ ಇರುವ ಕಾಲದಲ್ಲಿ ಹಿಮದ ಮೇಲೆ ಸೈನ್ಯ ನಿಲ್ಲಿಸೋದು ಅಂದ್ರ ಏನು? ಇದೇ ಇವತ್ತಿನ ಪ್ರಶ್ನೆ.

ಮೂರನೇ ಧ್ರುವ

ಭೂಗೋಳದ ಪುಸ್ತಕದಲ್ಲಿ ಧ್ರುವ ಎರಡೇ, ಉತ್ತರ ಮತ್ತು ದಕ್ಷಿಣ. ಆದ್ರ ಹಿಮಾಲಯ, ಕಾರಾಕೋರಂ, ಟಿಬೆಟ್ ಸೇರಿದ ಎತ್ತರದ ಪ್ರದೇಶವನ್ನು ವಿಜ್ಞಾನಿಗಳು ‘ಮೂರನೇ ಧ್ರುವ’ ಅಂತಾರೆ. ಎರಡು ಧ್ರುವಗಳನ್ನು ಬಿಟ್ಟರೆ ಭೂಮಿಯ ಮೇಲೆ ಅತಿ ಹೆಚ್ಚು ಹಿಮ ಇರೋದು ಇಲ್ಲೇ. ಸಿಂಧೂ, ಗಂಗಾ, ಬ್ರಹ್ಮಪುತ್ರ ನದಿಗಳಿಗೆ ನೀರು ಕೊಡುವ ತಿಜೋರಿ ಇದು.

ಈ ಮೂರನೇ ಧ್ರುವದಲ್ಲಿ ಸಿಯಾಚಿನ್ ಇದೆ. ಸುಮಾರು 75 ಕಿಲೋಮೀಟರ್ ಉದ್ದದ ಹಿಮನದಿ. ಹಿಮನದಿ ಅಂದ್ರ ಹೆಸರಿಗಷ್ಟೇ ನದಿಯಲ್ಲ, ಅದು ನಿಜವಾಗಲೂ ಹರಿಯುತ್ತೆ, ಬಹಳ ನಿಧಾನಕ್ಕೆ. ಬೇಸಿಗೆಯಲ್ಲಿ ನಮ್ಮ ಎರಿ ಹೊಲ ಹೆಂಗ ಬಾಯಿ ಬಿಡುತ್ತೋ ಹಂಗ ಅದೂ ಬಾಯಿ ಬಿಡುತ್ತೆ. ವ್ಯತ್ಯಾಸ ಏನಂದ್ರ, ನಮ್ಮ ಹೊಲದ ಬಿರುಕಿನಲ್ಲಿ ಕಾಲು ಸಿಕ್ಕರೆ ಉಳುಕುತ್ತೆ. ಅಲ್ಲಿನ ಬಿರುಕಿನಲ್ಲಿ ಇಡೀ ಮನುಷ್ಯನೇ ಕಾಣೆಯಾಗುತ್ತಾನೆ. ಮೇಲೆ ತೆಳುವಾಗಿ ಹೊಸ ಹಿಮ ಮುಚ್ಚಿರುತ್ತೆ, ಹೆಜ್ಜೆ ಇಟ್ಟಾಗಲೇ ಗೊತ್ತಾಗೋದು. ಅದಕ್ಕೇ ಅಲ್ಲಿ ಗಸ್ತು ಹೋಗುವವರು ಒಬ್ಬರಿಗೊಬ್ಬರು ಹಗ್ಗ ಕಟ್ಟಿಕೊಂಡು ನಡೀತಾರೆ.

ಒಂದೇ ವರ್ಷ, ಎರಡು ಹಿಮ

ಇತಿಹಾಸದಲ್ಲಿ ಒಂದು ವಿಚಿತ್ರ ಜೋಡಿ ಇದೆ. ನಮ್ಮ ಪಠ್ಯಪುಸ್ತಕಗಳು ಇವೆರಡನ್ನೂ ಒಂದೇ ಪುಟದಲ್ಲಿ ಇಡೋದಿಲ್ಲ.

1956ರಲ್ಲಿ ನೆಹರೂ ಸರ್ಕಾರ ವಿಶ್ವಸಂಸ್ಥೆಯಲ್ಲಿ ‘ಅಂಟಾರ್ಕ್ಟಿಕಾದ ಪ್ರಶ್ನೆ’ ಎತ್ತಿತು. ಆ ಖಂಡ ಶಾಂತಿಯ ಕೆಲಸಕ್ಕೆ ಮಾತ್ರ ಬಳಕೆಯಾಗಬೇಕು, ಅಣ್ವಸ್ತ್ರ ಪರೀಕ್ಷೆಯ ಅಂಗಳ ಆಗಬಾರದು ಅನ್ನೋದು ನಮ್ಮ ವಾದ. ಸ್ವಾತಂತ್ರ್ಯ ಬಂದು ಒಂಬತ್ತೇ ವರ್ಷ, ಅಲ್ಲಿಗೆ ಹೋಗೋಕೆ ನಮ್ಮ ಹತ್ತಿರ ಹಡಗೂ ಇರಲಿಲ್ಲ, ಆದ್ರೂ ಕೇಳಿದ್ವಿ. ಆಗ ಆ ಪ್ರಸ್ತಾವ ಮುಂದೆ ಸಾಗಲಿಲ್ಲ. ಆದ್ರ 1959ರ ಡಿಸೆಂಬರ್ 1ರಂದು 12 ದೇಶಗಳು ವಾಷಿಂಗ್ಟನ್‌ನಲ್ಲಿ ಅಂಟಾರ್ಕ್ಟಿಕ್ ಒಪ್ಪಂದಕ್ಕೆ ಸಹಿ ಹಾಕಿದವು. ಶೀತಲ ಸಮರ ಕುದಿಯುತ್ತಿದ್ದ ಕಾಲದಲ್ಲಿ ಅಮೆರಿಕ, ಸೋವಿಯತ್ ಎರಡೂ ಒಪ್ಪಿಕೊಂಡವು. ಅಲ್ಲಿ ಸೇನಾ ನೆಲೆ ಕಟ್ಟುವಂತಿಲ್ಲ, ಶಸ್ತ್ರ ಪರೀಕ್ಷೆ ನಡೆಸುವಂತಿಲ್ಲ. ಸೈನಿಕರು ಹೋಗಬಹುದು, ವಿಜ್ಞಾನಕ್ಕೆ ನೆರವಾಗೋಕೆ ಮಾತ್ರ.

ಭಾರತ ಈ ಒಪ್ಪಂದಕ್ಕೆ ಸೇರಿದ್ದು 1983ರ ಆಗಸ್ಟ್‌ನಲ್ಲಿ. ಅದರ ಬೆನ್ನಲ್ಲೇ ನಮ್ಮ ಮೂರನೇ ಅಂಟಾರ್ಕ್ಟಿಕಾ ತಂಡ ಹೊರಟಿತು. ಸೇನೆಯ ನೆರವಿನಿಂದ 1984ರ ಆರಂಭದ ಹೊತ್ತಿಗೆ ‘ದಕ್ಷಿಣ ಗಂಗೋತ್ರಿ’ ಅನ್ನುವ ಮೊದಲ ಕೇಂದ್ರ ಎದ್ದು ನಿಂತಿತು. ಅಂದ್ರ ನಮ್ಮ ಸೈನಿಕರು ಹಿಮದ ಮೇಲೆ ಕಟ್ಟಿದ್ದು ಬಂಕರ್ ಅಲ್ಲ, ಪ್ರಯೋಗಾಲಯ.

ಅದಾಗಿ ಮೂರು ತಿಂಗಳೂ ಆಗಿರಲಿಲ್ಲ. 1984ರ ಏಪ್ರಿಲ್ 13ರಂದು, ಬೈಸಾಖಿ ದಿನ, ಕುಮಾವೂನ್ ರೆಜಿಮೆಂಟಿನ ಕ್ಯಾಪ್ಟನ್ ಸಂಜಯ್ ಕುಲಕರ್ಣಿ ಅವರ ತಂಡವನ್ನು ಹೆಲಿಕಾಪ್ಟರ್‌ಗಳು ಸಿಯಾಚಿನ್ ಪಕ್ಕದ ಬಿಲಾಫೊಂಡ್ ಲಾ ಕಣಿವೆದಾರಿಯ ಹತ್ತಿರ ಇಳಿಸಿದವು. ಅದೇ ಆಪರೇಷನ್ ಮೇಘದೂತ್. ಮೊದಲ ದಿನಗಳಲ್ಲಿ ಆ ತಂಡಕ್ಕೆ ಎದುರಾಳಿ ಸೈನ್ಯ ಸಿಗಲಿಲ್ಲ, ಚಳಿ ಸಿಕ್ಕಿತು. ಹಲವರಿಗೆ ಹಿಮಗಡಿತ ಆಯಿತು. ಒಬ್ಬರು ತೀರಿಕೊಂಡರು. ಮುಂದಿನ 40 ವರ್ಷದ ಕಥೆ ಆ ಮೊದಲ ವಾರದಲ್ಲೇ ಇತ್ತು ಅನ್ನಬಹುದು.

ಜಗಳ ಹುಟ್ಟಿದ್ದು ಹೆಂಗ? 1949ರ ಕರಾಚಿ ಒಪ್ಪಂದದಲ್ಲಿ ಕದನವಿರಾಮ ರೇಖೆ ಎಳೆದಾಗ, ನಕ್ಷೆಯ ಮೇಲೆ NJ ಅಂತ ಶುರುವಾಗುವ ಒಂದು ಬಿಂದುವಿಗೆ, ಅಂದ್ರ ಎನ್‌ಜೆ 9842ಕ್ಕೆ, ಗೆರೆ ನಿಂತಿತು. ಅಲ್ಲಿಂದ ಮುಂದೆ ಉತ್ತರದ ಹಿಮನದಿಗಳ ಕಡೆ ಅಂತಷ್ಟೇ ಬರೆದರು. ಹಿಮದ ಮೇಲೆ ಯಾರು ಹೋಗಿ ಜಗಳ ಆಡ್ತಾರೆ ಅನ್ನುವ ಅಂದಾಜು ಇದ್ದಂತಿದೆ. 1972ರ ಸಿಮ್ಲಾ ಒಪ್ಪಂದದ ನಂತರ ನಿಯಂತ್ರಣ ರೇಖೆ ಗುರುತಿಸಿದಾಗಲೂ ಗೆರೆ ಅಲ್ಲೇ ನಿಂತಿತು. ಹೊಲದ ಬಾಂದಕಲ್ಲು ಅರ್ಧಕ್ಕೇ ಬಿಟ್ಟರೆ ಏನಾಗುತ್ತೆ ಅಂತ ನಮ್ಮ ಕಡೆ ಮಂದಿಗೆ ಬಿಡಿಸಿ ಹೇಳಬೇಕಿಲ್ಲ.

ಇನ್ನು ದಕ್ಷಿಣ ಗಂಗೋತ್ರಿ ಏನಾಯಿತು? ಅದನ್ನು ಕಟ್ಟಿದ್ದು ಹಿಮದ ಹಾಸಿನ ಮೇಲೆ. ವರ್ಷದಿಂದ ವರ್ಷಕ್ಕೆ ಹಿಮ ಅದನ್ನು ಮುಚ್ಚುತ್ತಾ ಬಂತು. 1990ರಲ್ಲಿ ಅದರ ಕೆಲಸ ನಿಲ್ಲಿಸಬೇಕಾಯಿತು. ಅಷ್ಟರಲ್ಲಿ ‘ಮೈತ್ರಿ’ ಅನ್ನುವ ಹೊಸ ಕೇಂದ್ರ ಸಿದ್ಧವಾಗಿತ್ತು. ಈ ಸಲ ಬಂಡೆಗಲ್ಲಿನ ಮೇಲೆ. ಹಿಮ ನಂಬಿ ಕಟ್ಟಬಾರದು ಅನ್ನುವ ಪಾಠವನ್ನು ನಮ್ಮ ದೇಶ ಆರೇ ವರ್ಷದಲ್ಲಿ ಕಲಿತಿತ್ತು. ದಕ್ಷಿಣ ಧ್ರುವದಲ್ಲಿ ಕಲಿತಿತ್ತು. ಮೂರನೇ ಧ್ರುವದಲ್ಲಿ ಆ ಆಯ್ಕೆ ಇರಲಿಲ್ಲ, ಯಾಕಂದ್ರ ಅಲ್ಲಿ ಜಗಳ ಇದ್ದದ್ದೇ ಹಿಮದ ಮೇಲೆ.

ಸೋನಂ ಪೋಸ್ಟ್

ಈಗ ಬೆಟದೂರಿಗೆ ಬರೋಣ.

2016ರ ಫೆಬ್ರುವರಿ 3. ಸಿಯಾಚಿನ್‌ನ ಸೋನಂ ಪೋಸ್ಟ್, ಎತ್ತರ ಸುಮಾರು 19,600 ಅಡಿ. ಹಿಮದ ಗೋಡೆಯೊಂದು ಕುಸಿದು ಪೋಸ್ಟಿನ ಮೇಲೆ ಬಿತ್ತು. ಮದ್ರಾಸ್ ರೆಜಿಮೆಂಟಿನ 19ನೇ ಬೆಟಾಲಿಯನ್‌ನ ಹತ್ತು ಮಂದಿ ಹೂತುಹೋದರು. ಅವರಲ್ಲಿ ಮೂವರು ಕನ್ನಡಿಗರು: ಹಾಸನದ ತೇಜೂರಿನ ಸುಬೇದಾರ್ ನಾಗೇಶ್, ಎಚ್.ಡಿ. ಕೋಟೆಯ ಸಿಪಾಯಿ ಮಹೇಶ್, ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ.

ಅವತ್ತು ಗಡಿಯಾಚೆಯಿಂದ ಒಂದು ಗುಂಡೂ ಹಾರಿರಲಿಲ್ಲ. 2003ರ ನವೆಂಬರ್‌ನ ಕದನವಿರಾಮದ ನಂತರ ಸಿಯಾಚಿನ್‌ನಲ್ಲಿ ಬಂದೂಕುಗಳು ಸುಮ್ಮನಿದ್ದವು.

150ಕ್ಕೂ ಹೆಚ್ಚು ಮಂದಿ, ಜೊತೆಗೆ ಡಾಟ್ ಮತ್ತು ಮಿಶಾ ಅನ್ನುವ ನಾಯಿಗಳು, ಆ ಎತ್ತರದಲ್ಲಿ ಹಗಲೂ ರಾತ್ರಿ ಅಗೆದವು. ಕಲ್ಲಿನಂಥ ಹಿಮ. ಉಸಿರಾಡೋಕೇ ಕಷ್ಟ ಇರುವ ಜಾಗ. ಆರನೇ ದಿನ, ಫೆಬ್ರುವರಿ 8ರ ರಾತ್ರಿ, ಹನುಮಂತಪ್ಪ ಜೀವಂತ ಸಿಕ್ಕರು. ಇಡೀ ದೇಶ ಟಿವಿ ಮುಂದೆ ಕೂತಿತು. ನಮ್ಮ ಭಾಗದ ಗುಡಿ, ಮಸೀದಿ, ಮಠ ಎಲ್ಲ ಕಡೆ ಪ್ರಾರ್ಥನೆ ನಡೆದವು. ಫೆಬ್ರುವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು. ವಯಸ್ಸು 33. ಮರುದಿನ ಬೆಟದೂರಿನ ಮಣ್ಣಿಗೆ ಹೋದರು. ಮುಂದೆ ಮರಣೋತ್ತರವಾಗಿ ಸೇನಾ ಪದಕ ಬಂತು.

ಆ ಹಿಮಕುಸಿತಕ್ಕೆ ಹವಾಮಾನ ಬದಲಾವಣೆಯೇ ಕಾರಣ ಅಂತ ಹೇಳೋಕೆ ಆಗೋದಿಲ್ಲ. ಹಿಮಕುಸಿತ ಮೊದಲೂ ಇತ್ತು. ಮೇಲಾಗಿ ಕಾರಾಕೋರಂ ಒಂದು ವಿಚಿತ್ರ ಜಾಗ. ಹಿಮಾಲಯದ ಉಳಿದ ಕಡೆ ಹಿಮನದಿಗಳು ಕರಗುತ್ತಿದ್ದಾಗ ಇಲ್ಲಿನ ಹಲವು ಹಿಮನದಿಗಳು ಬಹಳ ವರ್ಷ ಹೆಚ್ಚುಕಡಿಮೆ ಹಂಗೇ ಇದ್ದವು. ವಾಟ್ಸಾಪ್‌ನಲ್ಲಿ ‘ಸಿಯಾಚಿನ್ ಮುಂದಿನ ವರ್ಷ ಕರಗಿ ಹೋಗುತ್ತೆ’ ಅಂತ ಫಾರ್ವರ್ಡ್ ಬಂದರೆ ನಂಬಬೇಡ್ರಿ.

ಆದ್ರ ಎರಡು ಮಾತು ನಿಜ. ಒಂದು, ಸರ್ಕಾರವೇ ಕೊಟ್ಟ ಲೆಕ್ಕದ ಪ್ರಕಾರ 1984ರಿಂದ 2015ರ ಕೊನೆಯ ಹೊತ್ತಿಗೆ ಸಿಯಾಚಿನ್‌ನಲ್ಲಿ ನಮ್ಮ ಸೇನೆಯ 869 ಮಂದಿ ಪ್ರಾಣ ಕೊಟ್ಟಿದ್ದರು. ಅದರಲ್ಲಿ ದೊಡ್ಡ ಪಾಲು ಗುಂಡಿಗಲ್ಲ, ಚಳಿಗೆ, ಎತ್ತರಕ್ಕೆ, ಹಿಮಕ್ಕೆ. ಆಚೆ ಕಡೆಯೂ ಇದೇ ಕಥೆ. 2012ರ ಏಪ್ರಿಲ್ 7ರಂದು ಗಯಾರಿಯಲ್ಲಿ ಒಂದೇ ಹಿಮಕುಸಿತಕ್ಕೆ ಪಾಕಿಸ್ತಾನದ 140 ಮಂದಿ ಹೋದರು. ಎರಡು, ಇಡೀ ಹಿಂದೂಕುಷ್–ಹಿಮಾಲಯದ ಬಗ್ಗೆ 2019ರಲ್ಲಿ ಬಂದ ದೊಡ್ಡ ವರದಿ ಹೇಳಿದ್ದು ಏನಂದ್ರ, ಜಗತ್ತಿನ ತಾಪಮಾನ ಏರಿಕೆಯನ್ನು 1.5 ಡಿಗ್ರಿಗೆ ತಡೆದರೂ ಈ ಶತಮಾನದ ಕೊನೆಗೆ ಇಲ್ಲಿನ ಮೂರನೇ ಒಂದು ಭಾಗ ಹಿಮ ಹೋಗಿರುತ್ತೆ. ಮೊದಲೇ ನಂಬಲು ಬಾರದ ನೆಲ ಇನ್ನಷ್ಟು ನಂಬಲು ಬಾರದಂತಾಗುತ್ತೆ.

ಹಿಮ ಕೆಲವೊಮ್ಮೆ ತೆಗೆದುಕೊಂಡಿದ್ದನ್ನು ವಾಪಸ್ ಕೊಡುತ್ತೆ. 1984ರ ಮೇ ತಿಂಗಳಲ್ಲಿ ಹಿಮಕುಸಿತದಲ್ಲಿ ಕಾಣೆಯಾದ ಕುಮಾವೂನ್ ರೆಜಿಮೆಂಟಿನ ಲ್ಯಾನ್ಸ್ ನಾಯಕ್ ಚಂದ್ರಶೇಖರ್ ಹರ್ಬೋಲಾ ಅವರ ದೇಹ ಸಿಕ್ಕಿದ್ದು 2022ರ ಆಗಸ್ಟ್‌ನಲ್ಲಿ, 38 ವರ್ಷದ ಮೇಲೆ. ಗುರುತು ಹಿಡಿದದ್ದು ಸೇನೆಯ ನಂಬರ್ ಇದ್ದ ಬಿಲ್ಲೆಯಿಂದ.

ಗೇಟ್ ಇಲ್ಲದ ಕೆರೆ

ಕರಗಿದ ಹಿಮ ಎಲ್ಲಿಗೆ ಹೋಗುತ್ತೆ? ಒಂದಷ್ಟು ನದಿಗೆ. ಇನ್ನೊಂದಷ್ಟು ಹಿಮನದಿಯ ಬುಡದಲ್ಲೇ ಕೆರೆಯಾಗಿ ನಿಲ್ಲುತ್ತೆ. ಕಲ್ಲು, ಮಣ್ಣು, ಹಿಮ ಸೇರಿದ ಒಡ್ಡೇ ಅದಕ್ಕೆ ಕಟ್ಟೆ.

ನಮ್ಮ ನವಿಲುತೀರ್ಥ ಡ್ಯಾಮ್ ನೋಡಿದವರಿಗೆ ಇದು ತಟ್ಟನೆ ಅರ್ಥ ಆಗುತ್ತೆ. ನೀರು ಹೆಚ್ಚಾದರೆ ಗೇಟ್ ತೆಗೀತಾರೆ, ಕೆಳಗಿನವರಿಗೆ ಎಚ್ಚರಿಕೆ ಕೊಡ್ತಾರೆ. ಅಷ್ಟಿದ್ದೂ 2019ರ ಆಗಸ್ಟ್‌ನಲ್ಲಿ ಮಲಪ್ರಭಾ ಉಕ್ಕಿ ಮುನವಳ್ಳಿ, ರಾಮದುರ್ಗದ ಮನೆಗಳಿಗೆ ನೀರು ನುಗ್ಗಿತು. ಜಿಲ್ಲೆಯಲ್ಲಿ ಮಂದಿಯನ್ನು ದಾಟಿಸೋಕೆ ಸೇನೆಯೇ ಇಳಿಯಬೇಕಾಯಿತು. ಹಿಮದ ಕೆರೆಗೆ ಗೇಟೂ ಇಲ್ಲ, ಸೈರನ್ನೂ ಇಲ್ಲ.

2023ರ ಅಕ್ಟೋಬರ್ 3ರ ರಾತ್ರಿ ಸಿಕ್ಕಿಂನ ಸೌತ್ ಲೊನಾಕ್ ಕೆರೆ ಒಡೆಯಿತು. ಹಿಮನದಿ ಹಿಂದೆ ಸರಿದಂತೆಲ್ಲ ಈ ಕೆರೆ ದಶಕಗಳಿಂದ ದೊಡ್ಡದಾಗುತ್ತಾ ಬಂದಿತ್ತು. ವಿಜ್ಞಾನಿಗಳು ಅಪಾಯ ಇದೆ ಅಂತ ಹೇಳಿದ್ದರು. ನೀರು ಚುಂಗ್‌ಥಾಂಗ್‌ನ ತೀಸ್ತಾ ಜಲವಿದ್ಯುತ್ ಅಣೆಕಟ್ಟನ್ನೇ ಕಿತ್ತುಕೊಂಡು ಹೋಯಿತು. ಕೆಳಗೆ ಬಾರ್ಡಂಗ್‌ನಲ್ಲಿ ನಿಲ್ಲಿಸಿದ್ದ ಸೇನಾ ವಾಹನಗಳು ಕೆಸರಿನಲ್ಲಿ ಹೂತವು. 23 ಯೋಧರು ನಾಪತ್ತೆಯಾದರು, ಜೀವಂತ ಸಿಕ್ಕಿದ್ದು ಒಬ್ಬರು.

ಸಿಕ್ಕಿಂ ಚೀನಾ ಗಡಿಯ ರಾಜ್ಯ. ಅಲ್ಲಿ ಸೈನ್ಯ ಇರುವುದು ಆ ಗಡಿಗಾಗಿ. ಏಟು ಬಿದ್ದದ್ದು ಕೆರೆಯಿಂದ. ರಸ್ತೆ, ಸೇತುವೆ, ಮದ್ದುಗುಂಡು ಎಲ್ಲ ಒಂದೇ ರಾತ್ರಿಯಲ್ಲಿ ಹೋದರೆ, ಅದು ಹವಾಮಾನದ ಸುದ್ದಿಯಷ್ಟೇ ಅಲ್ಲ, ರಕ್ಷಣೆಯ ಸುದ್ದಿಯೂ ಹೌದು. ನಮ್ಮ ಚಾನೆಲ್‌ಗಳಲ್ಲಿ ಈ ಎರಡು ಡೆಸ್ಕ್‌ಗಳು ಒಂದಕ್ಕೊಂದು ಮಾತಾಡೋದೇ ಕಡಿಮೆ.

ಉತ್ತರ ಧ್ರುವದಲ್ಲೂ ಇದೇ ಲೆಕ್ಕ

ಇದು ನಮ್ಮೊಬ್ಬರ ಕಥೆಯಲ್ಲ. ಹಿಮವನ್ನು ನಂಬಿ ಕೈ ಸುಟ್ಟುಕೊಂಡ ಅತಿ ಶ್ರೀಮಂತ ಸೈನ್ಯ ಅಮೆರಿಕದ್ದು. 1959ರಲ್ಲಿ, ಅಂದ್ರ ಅಂಟಾರ್ಕ್ಟಿಕ್ ಒಪ್ಪಂದಕ್ಕೆ ಸಹಿ ಬಿದ್ದ ವರ್ಷವೇ, ಅಮೆರಿಕ ಸೇನೆ ಗ್ರೀನ್‌ಲ್ಯಾಂಡಿನ ಹಿಮದೊಳಗೆ ‘ಕ್ಯಾಂಪ್ ಸೆಂಚುರಿ’ ಕಟ್ಟೋಕೆ ಶುರು ಮಾಡಿತು. ಹಿಮದೊಳಗೆ ಸುರಂಗಗಳು, ವಿದ್ಯುತ್ತಿಗೆ ಒಂದು ಸಣ್ಣ ಅಣುಸ್ಥಾವರ. ಹೊರಗೆ ಹೇಳಿದ್ದು ವಿಜ್ಞಾನ ಕೇಂದ್ರ ಅಂತ. ಒಳಗಿನ ಯೋಚನೆ ಹಿಮದಡಿ ಅಣ್ವಸ್ತ್ರ ಕ್ಷಿಪಣಿಗಳನ್ನು ಬಚ್ಚಿಡೋದು. ಆದ್ರ ಹಿಮ ಸುಮ್ಮನೆ ಕೂರಲಿಲ್ಲ. ಸರಿಯುತ್ತಾ ಸುರಂಗಗಳನ್ನು ಹಿಂಡಿತು. 1967ರಲ್ಲಿ ಬಿಟ್ಟು ಎದ್ದರು. ಕಸ, ತೈಲ, ಕೊಳಚೆ ಎಲ್ಲ ಅಲ್ಲೇ ಬಿಟ್ಟರು, ಹಿಮ ಯಾವತ್ತೂ ಕರಗೋದಿಲ್ಲ ಅನ್ನುವ ನಂಬಿಕೆಯಲ್ಲಿ. 2016ರಲ್ಲಿ ಬಂದ ಅಧ್ಯಯನವೊಂದು ಕೇಳಿತು: ಹಿಂಗೇ ಬಿಸಿಯಾದರೆ ಮುಂದೊಂದು ದಿನ ಅದೆಲ್ಲ ಹೊರಗೆ ಬರುತ್ತಲ್ಲ, ಆವಾಗ ಜವಾಬ್ದಾರಿ ಯಾರದು?

ಆರ್ಕ್ಟಿಕ್ ಈಗ ಜಗತ್ತಿನ ಸರಾಸರಿಗಿಂತ ಸುಮಾರು ನಾಲ್ಕು ಪಟ್ಟು ವೇಗವಾಗಿ ಬಿಸಿಯಾಗ್ತಾ ಇದೆ. ಸಮುದ್ರದ ಹಿಮ ಕರಗಿದಷ್ಟೂ ಹಡಗಿನ ದಾರಿ ತೆರೆಯುತ್ತೆ, ತೈಲ ಮತ್ತು ಖನಿಜದ ಆಸೆ ಹುಟ್ಟುತ್ತೆ, ಹಿಂದೆಯೇ ಸೈನ್ಯ ಬರುತ್ತೆ. 2007ರಲ್ಲಿ ರಷ್ಯಾದವರು ಉತ್ತರ ಧ್ರುವದ ಸಮುದ್ರತಳಕ್ಕೇ ಹೋಗಿ ಟೈಟಾನಿಯಂ ಬಾವುಟ ನೆಟ್ಟರು. ಸೋವಿಯತ್ ಕಾಲದ ಹಳೇ ನೆಲೆಗಳನ್ನು ಮತ್ತೆ ತೆರೆದರು. ಉಕ್ರೇನ್ ಯುದ್ಧದ ನಂತರ 2023ರಲ್ಲಿ ಫಿನ್ಲೆಂಡ್, 2024ರಲ್ಲಿ ಸ್ವೀಡನ್ ನ್ಯಾಟೋ ಸೇರಿದವು. ಆರ್ಕ್ಟಿಕ್ ಕೌನ್ಸಿಲ್‌ನ ಎಂಟು ದೇಶಗಳಲ್ಲಿ ಈಗ ಏಳು ನ್ಯಾಟೋ, ಎಂಟನೆಯದು ರಷ್ಯಾ. 1996ರಲ್ಲಿ ಈ ಕೌನ್ಸಿಲ್ ಹುಟ್ಟಿದಾಗಲೇ ಸೇನೆಯ ವಿಷಯ ಇಲ್ಲಿ ಬೇಡ ಅಂತ ಹೊರಗಿಟ್ಟಿದ್ದರು. ಹಂಗಾಗಿ ಎಲ್ಲರಿಗೂ ಚಿಂತೆ ಇರುವ ವಿಷಯವನ್ನೇ ಮಾತಾಡೋಕೆ ಅಲ್ಲಿ ಜಾಗ ಇಲ್ಲ. ಭಾರತ 2013ರಿಂದ ಅಲ್ಲಿ ವೀಕ್ಷಕ. ನಮ್ಮ ‘ಹಿಮಾದ್ರಿ’ ಸಂಶೋಧನಾ ಕೇಂದ್ರ 2008ರಿಂದ ನಾರ್ವೆಯ ಸ್ವಾಲ್‌ಬಾರ್ಡ್ ದ್ವೀಪಗಳಲ್ಲಿದೆ.

ಅಲ್ಲೂ ನೆಲ ಸವೆಯುತ್ತಿದೆ. ಸೈಬೀರಿಯಾದಲ್ಲಿ ಸದಾ ಹೆಪ್ಪುಗಟ್ಟಿರುವ ನೆಲದ ಮೇಲೆ ಊರು, ಕಾರ್ಖಾನೆ, ರನ್‌ವೇ ಎಲ್ಲ ನಿಂತಿವೆ. 2020ರ ಮೇ ತಿಂಗಳಲ್ಲಿ ನೊರಿಲ್ಸ್ಕ್ ಊರಿನಲ್ಲಿ ಒಂದು ತೈಲ ಟ್ಯಾಂಕ್ ಕುಸಿದು ಸುಮಾರು 20,000 ಟನ್ ಡೀಸೆಲ್ ನೆಲಕ್ಕೆ, ನದಿಗೆ ಹರಿಯಿತು. ಬುಡದ ನೆಲ ಕರಗಿದ್ದೂ ಕಾರಣ ಇರಬಹುದು ಅಂತ ಕಂಪನಿಯವರೇ ಹೇಳಿದರು.

ಹಂಗಾದ್ರ ಇಳಿದು ಬರಬಾರದೇಕೆ?

ಈ ಪ್ರಶ್ನೆ ಕೇಳೋದು ಸುಲಭ. ಉತ್ತರ ಅಷ್ಟು ಸುಲಭ ಇಲ್ಲ.

1989ರಲ್ಲಿ ಎರಡೂ ದೇಶಗಳು ಒಪ್ಪಂದದ ಹತ್ತಿರ ಬಂದಿದ್ದವು. ಆಮೇಲೆ ಕಾರ್ಗಿಲ್ ಆಯಿತು. ಚಳಿಗಾಲದಲ್ಲಿ ಖಾಲಿ ಬಿಟ್ಟ ಪೋಸ್ಟ್‌ಗಳಿಗೆ 1999ರಲ್ಲಿ ಆಚೆಯವರು ಬಂದು ಕೂತರು. ಅವರನ್ನು ಇಳಿಸೋಕೆ 500ಕ್ಕೂ ಹೆಚ್ಚು ಯೋಧರು ಪ್ರಾಣ ಕೊಡಬೇಕಾಯಿತು. ಅದಕ್ಕೇ ನಮ್ಮ ಸೇನೆ ಹೇಳೋದು: ಈಗ ಯಾರು ಎಲ್ಲಿ ನಿಂತಿದ್ದಾರೆ ಅನ್ನೋದನ್ನು ಮೊದಲು ನಕ್ಷೆಯ ಮೇಲೆ ಸಹಿ ಹಾಕಿ ಒಪ್ಪಿಕೊಳ್ಳಿ, ಆಮೇಲೆ ಇಳಿಯುವ ಮಾತು. ಪಾಕಿಸ್ತಾನ ಅದಕ್ಕೆ ಒಪ್ಪಿಲ್ಲ. ಗಯಾರಿ ದುರಂತದ ನಂತರ ಅವರ ಸೇನಾ ಮುಖ್ಯಸ್ಥ ಕಯಾನಿಯೇ ಸೈನ್ಯ ಹಿಂದಕ್ಕೆ ಕರೆಸುವ ಮಾತಾಡಿದರು, ಆದ್ರೂ ಮುಂದೆ ಹೋಗಲಿಲ್ಲ. ಮೋಸ ಹೋದವರಿಗೆ ಲಿಖಿತ ಬೇಕು ಅನ್ನಿಸೋದು ತಪ್ಪಲ್ಲ.

ಇನ್ನೊಂದು ವಾದ ಇದೆ: ಇಷ್ಟು ಮಂದಿ ಪ್ರಾಣ ಕೊಟ್ಟ ಮೇಲೆ ಹೆಂಗ ಬಿಡೋದು? ಕಾಮರ್ಸ್‌ನಲ್ಲಿ ಇದಕ್ಕೆ ಸಂಕ್ ಕಾಸ್ಟ್ ಅಂತಾರೆ, ಮುಳುಗಿಹೋದ ಖರ್ಚು. ಮುಂದಿನ ನಿರ್ಧಾರ ಮಾಡುವಾಗ ಅದನ್ನು ಲೆಕ್ಕಕ್ಕೆ ಹಿಡಿಯಬಾರದು ಅಂತ ಪುಸ್ತಕ ಹೇಳುತ್ತೆ. ಆದ್ರ 869 ಮಂದಿಯನ್ನು ಖರ್ಚಿನ ಕಾಲಂನಲ್ಲಿ ಬರೆಯೋಕೆ ನನ್ನ ಕೈ ಬರೋದಿಲ್ಲ, ಯಾರ ಕೈಯೂ ಬರಬಾರದು. ಬರೆಯಬೇಕಾದ್ದು ಮುಂದಿನ ಸಾಲು. ಕಾರ್ಗಿಲ್‌ನ ವಾದ ಮುಂದಿನ ದಿನದ ಬಗ್ಗೆ ಮಾತಾಡುತ್ತೆ, ಅದಕ್ಕೇ ಅದು ಗಟ್ಟಿ. ಹಿಮದ ಸವಕಳಿಯ ವಾದವೂ ಮುಂದಿನ ದಿನದ್ದೇ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಕು. ಈಗ ಒಂದೇ ತಟ್ಟೆ ತುಂಬುತ್ತಿದೆ.

ಹಂಗಾದ್ರ ಏನು ಕೇಳಬಹುದು? ಮೊದಲನೆಯದು, ಹಿಮದ ಮಾಹಿತಿ. ನಮ್ಮ ಡಿಆರ್‌ಡಿಒದ ಚಂಡೀಗಢದ ಸಂಸ್ಥೆ ಸೇನೆಗೆ ಹಿಮಕುಸಿತದ ಮುನ್ಸೂಚನೆ ಕೊಡುತ್ತೆ. ಅಂಟಾರ್ಕ್ಟಿಕ್ ಒಪ್ಪಂದದಲ್ಲಿ ದೇಶಗಳು ವಿಜ್ಞಾನದ ಮಾಹಿತಿ ಹಂಚಿಕೊಳ್ಳಬೇಕು ಅಂತಿದೆ. ಜಗಳ ಬಿಡದೆಯೂ, ಗೆರೆ ಒಪ್ಪದೆಯೂ, ಯಾವ ಇಳಿಜಾರು ಕುಸಿಯಬಹುದು, ಯಾವ ಕೆರೆ ಒಡೆಯಬಹುದು ಅನ್ನೋದನ್ನು ಎರಡು ಸೈನ್ಯಗಳು ಒಬ್ಬರಿಗೊಬ್ಬರು ಹೇಳಿಕೊಳ್ಳಬಹುದಲ್ಲ? ಎರಡನೆಯದು, ಲೆಕ್ಕ. ಪ್ರತಿ ವರ್ಷ ಹಿಮಕ್ಕೆ, ಚಳಿಗೆ, ಪ್ರವಾಹಕ್ಕೆ ಎಷ್ಟು ಯೋಧರು ಹೋದರು ಅನ್ನೋದು ಯಾರೋ ಸಂಸದರು ಪ್ರಶ್ನೆ ಕೇಳಿದಾಗ ಮಾತ್ರ ಹೊರಗೆ ಬರಬಾರದು. ಬಜೆಟ್ ಜೊತೆ ಬರಬೇಕು. ಯಾವ ಪೋಸ್ಟ್ ಎಲ್ಲಿದೆ ಅಂತ ಗುಟ್ಟು ಹೇಳಬೇಕಿಲ್ಲ, ಸಂಖ್ಯೆ ಸಾಕು.

ಯಾಕೆ ಇಷ್ಟು ಒತ್ತಿ ಹೇಳ್ತಿದ್ದೇನೆ ಅಂದ್ರ, ಈ ಎಪಿಸೋಡ್ ಕೇಳುವವರಲ್ಲಿ ಸೇನೆಗೆ ತಯಾರಿ ಮಾಡುವವರು ಇದ್ದೀರಿ. ಬೈಲಹೊಂಗಲ, ಕಿತ್ತೂರು, ರಾಮದುರ್ಗ, ನಮ್ಮ ಸವದತ್ತಿ, ಎಲ್ಲ ಕಡೆ ನಸುಕಿನಲ್ಲಿ ರಸ್ತೆ ಬದಿ 1,600 ಮೀಟರ್ ಓಟ ಅಭ್ಯಾಸ ಮಾಡುವ ಹುಡುಗರು ಕಾಣ್ತಾರೆ. ಬೆಳಗಾವಿಯಲ್ಲೇ ಮರಾಠಾ ಲೈಟ್ ಇನ್‌ಫೆಂಟ್ರಿಯ ಕೇಂದ್ರ ಇದೆ. 2022ರಿಂದ ಸೇರುವವರು ನಾಲ್ಕು ವರ್ಷದ ಅಗ್ನಿವೀರರು. ಅವರೂ ಸಿಯಾಚಿನ್‌ಗೆ ಹೋಗ್ತಾರೆ, ಅವರಲ್ಲೂ ಅಲ್ಲಿ ತೀರಿಕೊಂಡವರಿದ್ದಾರೆ. ಓಡುವ ಹುಡುಗನಿಗೆ ಶತ್ರು ಯಾರು ಅಂತ ಎಲ್ಲರೂ ಹೇಳಿಕೊಡ್ತಾರೆ. ಕಾಲ ಕೆಳಗಿನ ನೆಲ ಎಂಥದ್ದು ಅಂತ ಹೇಳಿಕೊಡೋದೂ ನಮ್ಮ ಸಾಲವೇ.

ಭೂಮಿಗೆ ಸವಕಳಿ ಇಲ್ಲ ಅನ್ನುವ ಸೂತ್ರ ಬರೆದವರು ಎರಿ ಮಣ್ಣಿನಂಥ ನೆಲ ನೋಡಿ ಬರೆದಿರಬೇಕು. 19,600 ಅಡಿ ಎತ್ತರದಲ್ಲಿ ಆ ಸೂತ್ರ ನಡೆಯೋದಿಲ್ಲ. ಅಲ್ಲಿ ನೆಲಕ್ಕೂ ಒಂದು ಆಯುಷ್ಯ ಇದೆ. ಅದರ ಮೇಲೆ ನಿಂತವರ ಆಯುಷ್ಯದ ಲೆಕ್ಕ ಬರೆಯುವ ಮೊದಲು ಅದನ್ನು ಬರೆಯಬೇಕು.

ಇವತ್ತಿಗೆ ಇಷ್ಟು. ನಿಮ್ಮ ಊರಿನಲ್ಲಿ ಸಿಯಾಚಿನ್‌ನಲ್ಲೋ ಲಡಾಖ್‌ನಲ್ಲೋ ಇದ್ದು ಬಂದ ಮಾಜಿ ಸೈನಿಕರು ಇದ್ದರೆ, ಒಂದು ಸಂಜೆ ಅವರ ಜೋಡಿ ಕೂತು ಅಲ್ಲಿನ ನೆಲ ಹೆಂಗಿತ್ತು ಅಂತ ಕೇಳ್ರಿ. ಯುದ್ಧದ ಕಥೆ ಎಲ್ಲರೂ ಕೇಳ್ತಾರೆ, ನೆಲದ ಕಥೆ ಕೇಳುವವರು ಕಡಿಮೆ. ಮತ್ತೆ ಸಿಗೋಣ. ಶರಣು.